ಖೋಟಾ ನೋಟು, ಖೋಟಾ ಬ್ರೇಕು

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕಳೆದವನು ನಾನು. ಅದರಲ್ಲಿ ಮೊದಲ ಒಂಬತ್ತು ವರ್ಷ ಕ್ಯಾಶ್ ಕೌಂಟರಿನಲ್ಲೇ. ನೋಟಿನ ಕಟ್ಟು ಬೆರಳಲ್ಲಿ ಸರಿಯುವಾಗ ನಡುವೆ ಒಂದು ಖೋಟಾ ಇದ್ದರೆ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಇಂಥ ಮಹಾನುಭಾವ 2024ರ ಮೇ ತಿಂಗಳಲ್ಲಿ, ಆನ್‌ಲೈನಿನಲ್ಲಿ ಕೊಂಡ ಖೋಟಾ ಬ್ರೇಕ್ ಪ್ಯಾಡ್ ಹಾಕಿಸಿಕೊಂಡು ಧಾರವಾಡಕ್ಕೆ ಹೋಗಿ, ಹೆಂಡತಿಯನ್ನೂ ಎಂಬತ್ತೊಂದು ವರ್ಷದ ಅವ್ವನನ್ನೂ ಕೂಡಿಸಿಕೊಂಡು ವಾಪಸ್ ಬಂದ. ನಗುವವರು ಈಗಲೇ ನಕ್ಕುಬಿಡಿ. ಮುಂದೆ ಜಗಳ ಇದೆ.

ನಮ್ಮಂಥವರ ಕಾರಿನ ಬದುಕು ನಿಮಗೂ ಗೊತ್ತಿದ್ದದ್ದೇ. ನಾವು ಲೋಕಲ್ ಟ್ರೇನಿನ ಜನ. ಕಾರು ವರ್ಷವಿಡೀ ಸೊಸೈಟಿಯ ಪಾರ್ಕಿಂಗಿನಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ. ಭಾನುವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಬ್ಯಾಟರಿ ಬದುಕಿಸಿಕೊಳ್ಳುವುದು, ಇಲ್ಲವೆಂದರೆ ಮಾಟುಂಗಾದಲ್ಲಿ ಯಾರದೋ ಮುಂಜಿವಿ, ಮದುವೆ. ಮೇ ತಿಂಗಳು ಬಂದಾಗ ಮಾತ್ರ ಅದಕ್ಕೆ ಎಲ್ಲಿಲ್ಲದ ಮರ್ಯಾದೆ. ಊರಿಗೆ ಹೋಗಬೇಕಲ್ಲ! ಡೊಂಬಿವಲಿಯಿಂದ ಧಾರವಾಡಕ್ಕೆ ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಆಗ ಆಯಿಲ್ ಬದಲಿಸು, ಫಿಲ್ಟರ್ ಬದಲಿಸು, ಗಾಳಿ ನೋಡು ಅಂತ ಮೆಕ್ಯಾನಿಕ್ ಹತ್ತಿರ ಓಡುತ್ತೇವೆ.

ನಮ್ಮ ಬೀದಿಯ ಮೆಕ್ಯಾನಿಕ್ಕನ್ನು ಎಲ್ಲರೂ ಚಾಚಾ ಅಂತಲೇ ಕರೆಯುವುದು. ಗಾಲಿ ಬಿಚ್ಚಿ ನೋಡಿ, ಮುಂದಿನ ಬ್ರೇಕ್ ಪ್ಯಾಡ್ ಮುಗಿದಿವೆ, ಹೊಸದು ತರಿಸುತ್ತೇನೆ ಅಂದರು. ಅಧಿಕೃತ ಕೌಂಟರಿನಲ್ಲಿ 1,960 ರೂಪಾಯಿ. ಮನೆಗೆ ಬಂದು ಹೇಳಿದರೆ ಮಗಳು ಮೊಬೈಲ್ ಚಾಚಿದಳು. "ಪಪ್ಪಾ, ಇಲ್ಲಿ ನೋಡ್ರಿ, 1,480ಕ್ಕ ಅದ." ಅದೇ ಹೆಸರಾಂತ ಕಂಪನಿ, ಅದೇ ಪಾರ್ಟ್ ನಂಬರ್, ಅದೇ ಬಣ್ಣದ ಡಬ್ಬಿ. ನಾಲ್ಕೂಕಾಲು ನಕ್ಷತ್ರ. ಆರುನೂರಕ್ಕೂ ಹೆಚ್ಚು ಜನ ರೇಟಿಂಗ್ ಕೊಟ್ಟಿದ್ದರು. ತರಿಸಿದೆ. ಡಬ್ಬಿ ನೋಡಿ ಚಾಚಾ ಮುಖ ಸೊಟ್ಟ ಮಾಡಿದರು. ಅವರ ಕಮಿಷನ್ ತಪ್ಪಿತಲ್ಲ, ಅದಕ್ಕೇ ಹೊಟ್ಟೆಯುರಿ ಅಂದುಕೊಂಡೆ. ಹದಿನೈದು ವರ್ಷದಿಂದ ಗೊತ್ತಿರುವ ಮನುಷ್ಯನ ಮೇಲೆ ಅನುಮಾನ, ಮುಖವೇ ನೋಡದ ಮಾರಾಟಗಾರನ ಮೇಲೆ ನಂಬಿಕೆ. ಬಿ.ಕಾಂ. ಓದಿದವರ ಬುದ್ಧಿ ಸ್ವಾಮಿ.

"ಅಗ್ಗ ಅಂತ ಆಸೆಪಟ್ಟಿರಿ, ಅನುಭವಿಸಿದಿರಿ" ಅನ್ನುವವರು ಇರುತ್ತಾರೆ. ನನ್ನ ಸೋದರ ಅಳಿಯ ಅಂದೇ ಬಿಟ್ಟ. ಆಸೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅರ್ಧ ಬೆಲೆಗೆ ಇದ್ದಿದ್ದರೆ ನನಗೂ ಅನುಮಾನ ಬರುತ್ತಿತ್ತು. ಖೋಟಾ ಮಾಡುವವನು ದಡ್ಡನಲ್ಲ. ಇನ್ನೂರೈವತ್ತು ರೂಪಾಯಿಯ ನೋಟನ್ನು ಯಾವ ಕಳ್ಳನೂ ಅಚ್ಚು ಹಾಕುವುದಿಲ್ಲ, ಐನೂರರದ್ದನ್ನೇ ಹಾಕುತ್ತಾನೆ. ಹಾಗೆಯೇ ಇದೂ. ಆನ್‌ಲೈನಿನಲ್ಲಿ ಎಲ್ಲದಕ್ಕೂ ಕಾಲು ಭಾಗ ರಿಯಾಯಿತಿ ಇರುವಾಗ ಇದಕ್ಕೂ ಕಾಲು ಭಾಗ ಅಂದರೆ ಯಾರಿಗೆ ತಾನೇ ಅನುಮಾನ?

ಹೋಗುವಾಗ ಏನೂ ಆಗಲಿಲ್ಲ. ಸ್ವಲ್ಪ ಕೀಚ್ ಅನ್ನುವ ಸದ್ದು, ಹೊಸದು ಅಂತ ಬಿಟ್ಟೆ. ಬರುವಾಗ ಖಂಡಾಳದಿಂದ ಕೆಳಗೆ ಬೋರ್ ಘಾಟ್ ಇಳಿಯಬೇಕಲ್ಲ, ಅಲ್ಲಿ ಶುರುವಾಯಿತು. ಹಳೆಯ ಅಮೃತಾಂಜನ್ ಸೇತುವೆ ಇತ್ತಲ್ಲ (2020ರಲ್ಲಿ ಕೆಡವಿದರು), ಆ ಜಾಗ ದಾಟಿ ಸ್ವಲ್ಪ ಮುಂದೆ ಬಂದಿದ್ದೇವೆ. ಮನೆಯಾಕೆ ಅಂದಳು, "ಏನ್ರೀ, ಏನೋ ಸುಟ್ಟ ವಾಸನಿ ಬರ್ಲಿಕ್ಕತ್ತದ." "ಮುಂದಿನ ಲಾರೀದು" ಅಂದೆ. ಮುಂದಿನ ಲಾರಿ ಹತ್ತಿರ ಬಂತು. ಬ್ರೇಕ್ ಒತ್ತಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಕಾರು ಮಾತ್ರ ನಿಲ್ಲುತ್ತಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಓಡುತ್ತಲೇ ಇದೆ. ಹಿಂದಿನ ಸೀಟಿನಲ್ಲಿ ಅವ್ವ ನಿದ್ದೆ ಮಾಡುತ್ತಿದ್ದಳು. ಮೂರನೇ ಗೇರು, ಎರಡನೇ ಗೇರು ಅಂತ ಇಳಿಸಿ, ಎಂಜಿನ್ ಕೂಗುತ್ತಿದ್ದರೂ ಬಿಡದೆ, ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ಸರಿಸಿ, ಕೈಬ್ರೇಕು ಮೆಲ್ಲಗೆ ಎಳೆದು ಹೇಗೋ ನಿಲ್ಲಿಸಿದೆ. ಎಡಗಡೆಯ ಮುಂದಿನ ಗಾಲಿಯಿಂದ ಹೊಗೆ. ನಲವತ್ತು ನಿಮಿಷ ಅಲ್ಲೇ ನಿಂತೆವು. ಅವ್ವ ಎದ್ದು "ಮನಿ ಬಂತೇನೋ?" ಅಂದಳು.

ಏನಾಗಿತ್ತು ಅಂದರೆ, ಬ್ರೇಕ್ ಪ್ಯಾಡು ಅನ್ನುವುದು ಒಂದು ಉಕ್ಕಿನ ಪ್ಲೇಟಿನ ಮೇಲೆ ಅಂಟಿಸಿದ ಒರಟು ಮಸಾಲೆ. ನಾರು, ಲೋಹದ ಪುಡಿ, ಗ್ರಾಫೈಟು ಮುಂತಾದವನ್ನು ಒಂದು ರಾಳದಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡುತ್ತಾರೆ. ಡಿಸ್ಕಿಗೆ ತಿಕ್ಕಿದಾಗ ಬಿಸಿ ಹುಟ್ಟುತ್ತದೆ. ಒಳ್ಳೆಯ ಪ್ಯಾಡು ನೂರಾರು ಡಿಗ್ರಿ ಬಿಸಿಯಲ್ಲೂ ಹಿಡಿತ ಬಿಡುವುದಿಲ್ಲ. ಕಳಪೆ ರಾಳ ಆ ಬಿಸಿಗೆ ಸುಟ್ಟು ಅನಿಲ ಬಿಡುತ್ತದೆ, ಮೇಲ್ಮೈ ಗಾಜಿನ ಹಾಗೆ ನುಣುಪಾಗುತ್ತದೆ, ಪ್ಯಾಡು ಡಿಸ್ಕಿನ ಮೇಲೆ ಜಾರುತ್ತದೆ. ಡೊಂಬಿವಲಿಯ ಟ್ರಾಫಿಕ್ಕಿನಲ್ಲಿ ಇದು ಎಂದೂ ಗೊತ್ತಾಗುವುದಿಲ್ಲ, ಯಾಕಂದರೆ ಅಲ್ಲಿ ಪ್ಯಾಡು ಅಷ್ಟು ಬಿಸಿಯಾಗುವುದೇ ಇಲ್ಲ. ಗೊತ್ತಾಗುವುದು ಘಾಟಿನಲ್ಲೇ. ಮುಂಬಯಿ, ಪುಣೆಯಿಂದ ಊರಿನ ದಾರಿ ಹಿಡಿಯುವ ನಮಗೆ ಘಾಟು ತಪ್ಪಿದ್ದಲ್ಲ.

ಮರುದಿನ ಚಾಚಾ ಬಿಚ್ಚಿ ನೋಡಿ "ಸಾಬ್, ಯೇ ಕಹಾಂ ಸೇ ಲಾಯೇ?" ಅಂದರಷ್ಟೇ. ಮತ್ತೇನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮಸಾಲೆಗೆ ಅಡ್ಡ ಬಿರುಕು. ಒಂದು ಮೂಲೆಯಲ್ಲಿ ಪ್ಲೇಟಿನಿಂದಲೇ ಎದ್ದು ಬಂದಿತ್ತು. ಅಧಿಕೃತ ಕೌಂಟರಿನಿಂದ ಅಸಲಿ ಸೆಟ್ ತರಿಸಿ ಪಕ್ಕದಲ್ಲಿಟ್ಟರು. ಆಗ ನನ್ನ ಹೆಬ್ಬೆರಳು ಕೆಲಸ ಮಾಡಿತು, ಒಂದು ತಿಂಗಳು ತಡವಾಗಿ.

ಅಸಲಿಯ ಪ್ಲೇಟಿನ ಹಿಂದೆ ನಂಬರು ಉಕ್ಕಿನಲ್ಲೇ ಒತ್ತಿದ್ದು, ಉಗುರಿಗೆ ತಾಗುತ್ತದೆ. ನನ್ನದರಲ್ಲಿ ಬಣ್ಣದಲ್ಲಿ ಬರೆದದ್ದು, ಪೆಟ್ರೋಲ್ ಬಟ್ಟೆಯಿಂದ ಒರೆಸಿದರೆ ಹೋಯಿತು. ಅಸಲಿಯ ಅಂಚು ಸಮ, ಓರೆ ಮಾಡಿದ ತುದಿಗಳು ಎರಡೂ ಕಡೆ ಒಂದೇ ಅಳತೆ. ನನ್ನದರಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಪ್ಯಾಡು ಸವೆದಾಗ ಕೂಗಿ ಎಚ್ಚರಿಸಲು ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ನನ್ನದರಲ್ಲಿ ಅದು ಬೆರಳಿಗೇ ಬಾಗಿತು. ಇನ್ನು ಡಬ್ಬಿ. ಕಾನೂನಿನ ಪ್ರಕಾರ ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು, ವರ್ಷ, ಎಂ.ಆರ್.ಪಿ., ದೂರು ಕೊಡುವ ಫೋನು, ಎಲ್ಲ ಇರಬೇಕು. ನನ್ನ ಡಬ್ಬಿಯಲ್ಲಿ ಎಂ.ಆರ್.ಪಿ. ದಪ್ಪಕ್ಷರದಲ್ಲಿ ಇತ್ತು (ರಿಯಾಯಿತಿ ಕಾಣಬೇಕಲ್ಲ), ಫೋನು ಇರಲಿಲ್ಲ. ಹೊಲೊಗ್ರಾಮ್ ಓರೆ ಮಾಡಿದರೆ ಚಿತ್ರ ಬದಲಾಗಬೇಕು. ಇದು ಬರೀ ಮಿಂಚುವ ಕಾಗದ, ಮಕ್ಕಳ ನೋಟ್‌ಬುಕ್ಕಿಗೆ ಅಂಟಿಸುವಂಥದ್ದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕಂಪನಿಯ ಮುಖಪುಟ ತೆರೆಯಿತು. ನಿಜವಾದದ್ದಾದರೆ ಆ ಒಂದು ಡಬ್ಬಿಯ ಸಂಖ್ಯೆ ಹಿಡಿದು ಸರಿಯೋ ತಪ್ಪೋ ಹೇಳಬೇಕು. ಮುಖಪುಟ ತೆರೆಯುವ ಕೋಡನ್ನು ನಾನೂ ಮನೆಯಲ್ಲಿ ಕೂತು ಮಾಡಬಲ್ಲೆ.

ಪ್ಯಾಡಿಗಷ್ಟೇ ಇದು ಮುಗಿಯುವುದಿಲ್ಲ. ಚಾಚಾ ಆಮೇಲೆ ಒಂದು ಖೋಟಾ ಆಯಿಲ್ ಫಿಲ್ಟರನ್ನು ಕತ್ತರಿಸಿ ತೋರಿಸಿದರು. ಒಳಗಿನ ಕಾಗದದ ಮಡಿಕೆಗಳು ಅರ್ಧಕ್ಕರ್ಧ ಕಡಿಮೆ, ಅಂಟು ಬಿಟ್ಟಿದ್ದವು. ಎಂಜಿನ್ ನಿಲ್ಲಿಸಿದಾಗ ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರಿನ ಕವಾಟ ಇರಬೇಕಾದ ಜಾಗದಲ್ಲಿ ಒಣಗಿದ ವಾಷರಿನಂಥದ್ದೇನೋ ಇತ್ತು. ಸ್ಪಾರ್ಕ್ ಪ್ಲಗ್ಗಾದರೆ ತುದಿಯ ಕಡ್ಡಿ ನಡುವಿನದಕ್ಕೆ ಸರಿಯಾಗಿ ನೇರ ಕೂತಿದೆಯೇ, ತಿರುಪಿನ ಹಲ್ಲು ನಯವಾಗಿದೆಯೇ, ವಾಷರು ತಾನಾಗಿ ಕಳಚಿ ಬೀಳುತ್ತದೆಯೇ ನೋಡಿ ಅಂದರು. ಮತ್ತೊಂದು ಮಾತು ಹೇಳಿದರು, ಅದು ನನಗೆ ಹೊಸದು. ಡಬ್ಬಿ ಅಸಲಿಯೇ ಇರಬಹುದು. ಗ್ಯಾರೇಜುಗಳಲ್ಲಿ ಬಿದ್ದ ಖಾಲಿ ಡಬ್ಬಿ, ಖಾಲಿ ಆಯಿಲ್ ಕ್ಯಾನು ರದ್ದಿಯವನ ಕೈಗೆ ಹೋಗಿ, ಒಳಗೆ ಬೇರೆ ಮಾಲು ತುಂಬಿಕೊಂಡು ವಾಪಸ್ ಬರುತ್ತವೆ. ಹಾಗಾಗಿ ಚಾಚಾ ಪ್ರತಿ ಡಬ್ಬಿಯನ್ನೂ ಹರಿದೇ ಎಸೆಯುತ್ತಾರೆ, ಕ್ಯಾನಿಗೆ ಸ್ಕ್ರೂಡ್ರೈವರಿನಲ್ಲಿ ತೂತು ಹೊಡೆಯುತ್ತಾರೆ. ನೀವೂ ನಿಮ್ಮ ಕಣ್ಣೆದುರೇ ಮಾಡಿಸಿ.

ಒಂದು ವಿಷಯ ಸ್ಪಷ್ಟ ಮಾಡುತ್ತೇನೆ, ಇಲ್ಲದಿದ್ದರೆ ಪಾಪ ಒಳ್ಳೆಯವರಿಗೂ ಏಟು ಬೀಳುತ್ತದೆ. ಕಾರ್ ಕಂಪನಿಯ ಡಬ್ಬಿಯಲ್ಲಿ ಬರದೆ ಬೇರೆ ತಯಾರಕರು ತಮ್ಮದೇ ಹೆಸರಿನಲ್ಲಿ ಮಾರುವ ಆಫ್ಟರ್‌ಮಾರ್ಕೆಟ್ ಮಾಲು ಖೋಟಾ ಅಲ್ಲ. ಅದು ಅವರ ಹೆಸರು, ಅವರ ಮರ್ಯಾದೆ. ಬೆಂಗಳೂರಿನ ಆಡುಗೋಡಿಯ ಮೈಕೋ (2008ರಲ್ಲಿ ಬಾಷ್ ಲಿಮಿಟೆಡ್ ಆಯಿತು) ಪ್ಲಗ್ಗನ್ನೇ ನಮ್ಮ ಕಾಕಾ ತನ್ನ ಯೆಜ್ಡಿಗೆ ಹಾಕುತ್ತಿದ್ದ. ಧಾರವಾಡದ ಅಂಗಡಿಯವರು ಡಬ್ಬಿ ಬಿಚ್ಚಿ, ಪ್ಲಗ್ ಕೈಯಲ್ಲಿ ಹಿಡಿದು ತೋರಿಸಿ ಕೊಡುತ್ತಿದ್ದರು. ತಕರಾರಿದ್ದರೆ ಕಾಕಾ ಸಂಜೆಯೇ ಆ ಅಂಗಡಿಯ ಕಟ್ಟೆ ಹತ್ತುತ್ತಿದ್ದ. ಹಾಗಂತ ಬೀದಿ ಅಂಗಡಿಯಲ್ಲಿ ಮೋಸವೇ ಇರಲಿಲ್ಲ ಅನ್ನುತ್ತಿಲ್ಲ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಓಡಾಡಿದವರಿಗೆ ಎಲ್ಲಾ ಥರದ ಮಾಲೂ ಗೊತ್ತು. ಆದರೆ ಅಲ್ಲಿ ಹಿಡಿದು ಕೇಳಲು ಒಂದು ಮುಖ ಇರುತ್ತದೆ. ನನ್ನ ಜಗಳ ಇರುವುದು ಮುಖವಿಲ್ಲದ ವ್ಯಾಪಾರದ ಜೊತೆ.

ಈಗ ಜಗಳಕ್ಕೆ ಬರೋಣ.

ಆ ಆನ್‌ಲೈನ್ ಕಂಪನಿಗೆ ಫೋನು ಮಾಡಿದೆ. ಹುಡುಗಿ ಬಹಳ ಸಭ್ಯಳು. ರಿಟರ್ನಿನ ಅವಧಿ ಮುಗಿದಿದೆ ಸರ್, ಆದರೂ ನೀವು ಹಳೆಯ ಗ್ರಾಹಕರು ಅಂತ ಪೂರ್ತಿ ಹಣ ವಾಪಸ್ ಕೊಡುತ್ತೇವೆ, ನಾಳೆ ಹುಡುಗ ಬಂದು ವಸ್ತು ತಗೊಂಡು ಹೋಗುತ್ತಾನೆ ಅಂದಳು.

"ತಗೊಂಡು ಎಲ್ಲಿಗೆ ಹೋಗುತ್ತಾನೆ?"

"ಸೆಲ್ಲರಿಗೆ ವಾಪಸ್ ಹೋಗುತ್ತೆ ಸರ್."

"ಸೆಲ್ಲರ್ ಅದನ್ನು ಏನು ಮಾಡುತ್ತಾನೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ನಮಗೆ ಗೊತ್ತಾಗೋದಿಲ್ಲ ಸರ್."

ನೋಡಿ, ಅಲ್ಲಿಯವರೆಗೆ ನನಗೆ ಬರೀ ಬೇಜಾರಿತ್ತು. ಸಿಟ್ಟು ಬಂದದ್ದು ಆಗ. ಖೋಟಾ ಅಂತ ಗೊತ್ತಾದ ಮಾಲನ್ನು ತಮ್ಮದೇ ಖರ್ಚಿನಲ್ಲಿ, ತಮ್ಮದೇ ಹುಡುಗನ ಬೆನ್ನ ಮೇಲೆ ಹೊರಿಸಿ, ಖೋಟಾ ಮಾರಿದವನ ಬಾಗಿಲಿಗೆ ಮುಟ್ಟಿಸುತ್ತಾರಂತೆ!

ಬ್ಯಾಂಕಿನಲ್ಲಿ ಇದಕ್ಕೆ ಏನು ನಿಯಮ ಗೊತ್ತೇ? ಕೌಂಟರಿನಲ್ಲಿ ಖೋಟಾ ನೋಟು ಸಿಕ್ಕರೆ, ತಂದವನ ಎದುರೇ ಅದರ ಮೇಲೆ ಖೋಟಾ ಎಂಬ ಮುದ್ರೆ ಒತ್ತಬೇಕು. ಜಪ್ತಿ ಮಾಡಬೇಕು. ರಸೀದಿ ಕೊಡಬೇಕು. ಯಾವ ಕಾರಣಕ್ಕೂ ತಂದವನಿಗೆ ವಾಪಸ್ ಕೊಡುವಂತಿಲ್ಲ, ನಾವೇ ಹರಿದು ಹಾಕುವಂತೆಯೂ ಇಲ್ಲ. ರಿಜಿಸ್ಟರಿನಲ್ಲಿ ಬರೆಯಬೇಕು. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳಿಗೊಮ್ಮೆ ಒಟ್ಟಾಗಿ ಪೊಲೀಸರಿಗೆ ವರದಿ, ಐದು ಅಥವಾ ಹೆಚ್ಚು ಸಿಕ್ಕರೆ ಎಫ್‌ಐಆರ್. ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಖೋಟಾ ಅಂತ ಗೊತ್ತಾದ ಮೇಲೂ ಬ್ಯಾಂಕು ಜಪ್ತಿ ಮಾಡದಿದ್ದರೆ, ಬ್ಯಾಂಕೇ ಬೇಕಂತ ಖೋಟಾ ನೋಟು ಚಲಾವಣೆಯಲ್ಲಿ ಕೈಜೋಡಿಸಿದೆ ಎಂದು ರಿಸರ್ವ್ ಬ್ಯಾಂಕ್ ಭಾವಿಸಿ ದಂಡ ಹಾಕುತ್ತದೆ. "ನಾನು ನಡುವಿನವ, ಗ್ರಾಹಕ ಕೊಟ್ಟ, ನಾನು ಇನ್ನೊಬ್ಬನಿಗೆ ಕೊಟ್ಟೆ" ಅಂತ ನಾನು ಒಂದು ಸಲ ಹೇಳಿದ್ದರೂ ಸಸ್ಪೆಂಡ್ ಆಗಿ ಮನೆಯಲ್ಲಿ ಕೂತಿರುತ್ತಿದ್ದೆ.

ಈ ನಿಯಮ ಕಠೋರ. ನಾನೇ ಜಾರಿ ಮಾಡಿದ್ದೇನೆ. ಸೊಪ್ಪು ಮಾರುವ ಒಬ್ಬ ಬಾಯಿ, ವಾರದ ಗಳಿಕೆ ಕಟ್ಟಲು ಬಂದವಳು. ಐನೂರರ ಒಂದು ನೋಟು ಖೋಟಾ. ಮುದ್ರೆ ಎತ್ತಿಕೊಂಡದ್ದೇ ತಡ, ಕೌಂಟರಿನ ಜಾಲರಿ ಹಿಡಿದು ಬೇಡಿಕೊಂಡಳು. ವಾಪಸ್ ಕೊಡಿ ಸಾಹೇಬ್ರೇ, ಎಲ್ಲಾದರೂ ನಡೆಸಿಕೊಳ್ಳುತ್ತೇನೆ ಅಂತ. ಕೊಡಲಿಲ್ಲ. ಕೊಡುವ ಹಾಗಿರಲಿಲ್ಲ. ಅವಳು ನಡೆಸಿಕೊಂಡರೆ ಅದು ಅವಳಂಥದೇ ಇನ್ನೊಬ್ಬಳ ಸೆರಗಿನ ಗಂಟಿಗೆ ಹೋಗುತ್ತಿತ್ತು. ಅವಳಿಗೆ ಪರಿಹಾರವೂ ಇಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಆ ಬಾಯಿಗೆ ಒಂದು ನಿಯಮ, ಕೋಟಿಗಟ್ಟಲೆ ವಹಿವಾಟಿನ ಕಂಪನಿಗೆ ಇನ್ನೊಂದೇ?

ಹುಡುಗಿಗೆ ಹೇಳಿದೆ, ಪ್ಯಾಡು ನಾನು ವಾಪಸ್ ಕೊಡುವುದಿಲ್ಲ. ಹಾಗಾದರೆ ಹಣ ಬರುವುದಿಲ್ಲ ಸರ್ ಅಂದಳು. ಬೇಡ ಅಂದೆ. ಅವತ್ತು ಆ ಬಾಯಿಗೆ ಮಾಡಿದ್ದನ್ನು ಇವತ್ತು ನನಗೇ ಮಾಡಿಕೊಂಡೆ, ಅಷ್ಟೇ. (ಮನೆಯಾಕೆಯ ಲೆಕ್ಕದಲ್ಲಿ ಇದು 1,480 ರೂಪಾಯಿಯ ಹಟ. ಅವಳದೂ ಸರಿಯೇ.)

ಕಂಪನಿಗಳು ಹಿಡಿಯುವ ಗುರಾಣಿ ಯಾವುದು ಅಂದರೆ 2000ದ ಐಟಿ ಕಾಯ್ದೆಯ 79ನೇ ಕಲಮು. ಇನ್ನೊಬ್ಬರ ಮಾಹಿತಿಯನ್ನು ದಾಟಿಸುವ ನಡುವಿನವನನ್ನು, ಕೆಲವು ಷರತ್ತುಗಳ ಮೇಲೆ, ಹೊಣೆ ಮಾಡಬಾರದು ಅನ್ನುತ್ತದೆ ಅದು. ಅಂಚೆಯವನು ತಂದ ಪತ್ರದಲ್ಲಿ ಬೈಗುಳ ಇದ್ದರೆ ಅಂಚೆಯವನನ್ನು ಹಿಡಿಯಬೇಡಿ ಅಂದ ಹಾಗೆ. ಒಪ್ಪೋಣ. ಆದರೆ ಅಂಚೆಯವನು ಪತ್ರ ಬರೆದವನ ಹತ್ತಿರ ಕಮಿಷನ್ ತಗೊಳ್ಳುತ್ತಾನೆಯೇ? ಪತ್ರವನ್ನು ತನ್ನ ಗೋದಾಮಿನಲ್ಲಿಟ್ಟು, ತನ್ನ ಹೆಸರಿನ ಟೇಪು ಸುತ್ತಿ, ಇದಕ್ಕೆ ನಾಲ್ಕೂಕಾಲು ನಕ್ಷತ್ರ ಅಂತ ನನಗೆ ತೋರಿಸಿ, ನನ್ನ ದುಡ್ಡು ತನ್ನ ಖಾತೆಗೆ ಹಾಕಿಕೊಂಡು ಆಮೇಲೆ ಬರೆದವನಿಗೆ ಕೊಡುತ್ತಾನೆಯೇ? 2018ರಲ್ಲಿ ದೆಹಲಿ ಹೈಕೋರ್ಟು ಒಂದು ಶೂ ಕಂಪನಿಯ ಮೊಕದ್ದಮೆಯಲ್ಲಿ, ವ್ಯಾಪಾರದಲ್ಲಿ ಹೀಗೆ ಸಕ್ರಿಯವಾಗಿ ಪಾಲ್ಗೊಳ್ಳುವವರಿಗೆ ಈ ಗುರಾಣಿ ಸಿಗದೇ ಹೋಗಬಹುದು ಎಂದಿತು. 2020ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಇನ್ನೊಂದು ಮೊಕದ್ದಮೆಯಲ್ಲಿ, 79ನೇ ಕಲಮಿನಲ್ಲಿ ಸಕ್ರಿಯ, ನಿಷ್ಕ್ರಿಯ ಅನ್ನುವ ಭೇದವೇ ಇಲ್ಲ ಎಂದಿತು. ವಕೀಲರಿಗೆ ಹಬ್ಬ. ನಾನು ವಕೀಲನಲ್ಲ, ಕಾನೂನಿನ ಮಾತು ಅವರಿಗೇ ಬಿಡುತ್ತೇನೆ. ನ್ಯಾಯದ ಮಾತು ಕೇಳಲು ಕರಿಕೋಟು ಬೇಕಾಗಿಲ್ಲವಲ್ಲ.

"ಕೋಟಿಗಟ್ಟಲೆ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಲು ಆಗುತ್ತದೆಯೇ?" ಎಂಬುದು ಅವರ ಇನ್ನೊಂದು ವಾದ. ನಾವೂ ಕೋಟಿಗಟ್ಟಲೆ ನೋಟುಗಳನ್ನೇ ಎಣಿಸುವುದು. ಆಗುವುದಿಲ್ಲ ಅಂತ ನಮಗೆ ಹೇಳಲು ಬಿಟ್ಟರೇ? ನೂರು ಮತ್ತು ಅದಕ್ಕೆ ಮೇಲಿನ ನೋಟುಗಳನ್ನು ಮಷೀನಿನಲ್ಲಿ ಪರೀಕ್ಷಿಸದೆ ಕೌಂಟರಿನಿಂದ ಮತ್ತೆ ಹೊರಗೆ ಬಿಡಬೇಡಿ ಅಂದರು, ಬ್ಯಾಂಕುಗಳು ಮಷೀನು ಕೊಂಡವು. ಇಲ್ಲಿ ಎಲ್ಲವನ್ನೂ ಪರೀಕ್ಷಿಸಿ ಅಂತಲೂ ನಾನು ಕೇಳುತ್ತಿಲ್ಲ. ಬ್ರೇಕು, ಸ್ಟೀರಿಂಗು, ಟೈರು, ಇಷ್ಟನ್ನಾದರೂ ಯಾರು ಮಾರಬಹುದು ಅಂತ ಮೊದಲೇ ನೋಡಿ ಅನ್ನುತ್ತಿದ್ದೇನೆ. ಆ ಕಂಪನಿಯ ಡೀಲರ್ ಅನ್ನುವ ಒಂದು ಕಾಗದ ಕೇಳಿದರೆ ಸಾಕಲ್ಲ.

ಮಾರಾಟಗಾರ ಯಾರು ಅಂತ ನಾನೂ ಹುಡುಕಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರನ ಹೆಸರು, ವಿಳಾಸ ಗ್ರಾಹಕನಿಗೆ ಕಾಣುವಂತೆ ಹಾಕಬೇಕು. ಹಾಕಿದ್ದರು. ಉತ್ತರ ಭಾರತದ ಒಂದು ಊರು, ಒಂದು ಗಲ್ಲಿ. ರಿಜಿಸ್ಟರ್ಡ್ ಪತ್ರ ಹಾಕಿದೆ. ವಿಳಾಸ ಅಪೂರ್ಣ ಅಂತ ವಾಪಸ್ ಬಂತು. ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇರುತ್ತದಲ್ಲ, ಅದನ್ನು ಜಿಎಸ್‌ಟಿ ತಾಣದಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು (ನೀವೂ ಕೊಳ್ಳುವ ಮೊದಲು ನೋಡಿ, ಎರಡು ನಿಮಿಷದ ಕೆಲಸ). ನೋಡಿದೆ. ವ್ಯಾಪಾರದ ಸರಕು ಅನ್ನುವ ಕಡೆ ಸಿದ್ಧ ಉಡುಪು ಅಂತ ಇತ್ತು. ಅಂಗಿ, ಲಂಗ ಮಾರುವವನು ನನ್ನ ಕಾರಿನ ಬ್ರೇಕು ಮಾರಿದ್ದ! ಐನೂರು ರೂಪಾಯಿಯ ಉಳಿತಾಯ ಖಾತೆ ತೆರೆಯಲು ಬಂದ ಮುದುಕಿಗೆ ಪ್ಯಾನು, ಆಧಾರು, ಫೋಟೋ ಅಂತ ನಾವು ಮೂರು ಸಲ ಓಡಾಡಿಸುತ್ತೇವೆ. ಇಂಥ ವಿಳಾಸಕ್ಕೆ ಖಾತೆ ತೆರೆದಿದ್ದರೆ ಇನ್ಸ್‌ಪೆಕ್ಷನ್ನಿಗೆ ಬಂದವರು ನನ್ನ ಚರ್ಮ ಸುಲಿಯುತ್ತಿದ್ದರು.

ಪ್ಯಾಡಿನ ಮೇಲೆ ಹೆಸರಿದ್ದ ಕಂಪನಿಗೂ ಫೋಟೋ ಸಮೇತ ಬರೆದೆ. ಬೇಗ ಉತ್ತರ ಬಂತು. ಇದು ನಮ್ಮದಲ್ಲ, ದಯವಿಟ್ಟು ಅಧಿಕೃತ ಡೀಲರುಗಳಲ್ಲೇ ಕೊಳ್ಳಿ, ಧನ್ಯವಾದ. ಮುಗಿಯಿತು. ಟ್ರೇಡ್ ಮಾರ್ಕ್ ಕಾಯ್ದೆಯಲ್ಲಿ ಖೋಟಾ ಗುರುತು ಹಾಕುವವನಿಗೂ ಮಾರುವವನಿಗೂ ಆರು ತಿಂಗಳಿಂದ ಮೂರು ವರ್ಷ ಜೈಲು ಇದೆ. ಡಿವೈಎಸ್‌ಪಿ ದರ್ಜೆಯವರು ವಾರಂಟ್ ಇಲ್ಲದೆ ಜಪ್ತಿ ಮಾಡಬಹುದು, ಮೊದಲು ಟ್ರೇಡ್ ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆದು. ಆದರೆ ಹೆಸರಿನ ಒಡೆಯನೇ ಧನ್ಯವಾದ ಹೇಳಿ ಕೂತರೆ ಯಾವ ಠಾಣೆಯವರು ಎದ್ದು ಹೋಗುತ್ತಾರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ನಕಲಿ ಸರಕಿಗೆ ಶಿಕ್ಷೆ ಇದೆ, ಯಾರಾದರೂ ಸತ್ತರೆ ಕನಿಷ್ಠ ಏಳು ವರ್ಷ. ಸತ್ತರೆ.

ಇಷ್ಟೆಲ್ಲ ಬಿಡಿ. ನನ್ನ ನಿದ್ದೆ ಕೆಡಿಸಿದ ವಿಷಯ ಬೇರೆ.

ಖೋಟಾ ನೋಟು ಹಿಡಿದಾಗ ಅದರ ಜೊತೆಗಾರ ನೋಟುಗಳು ಯಾರ ಜೇಬಿನಲ್ಲಿವೆ ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಯಾವ ಬ್ಯಾಂಕಿಗೂ ಗೊತ್ತಾಗುವುದಿಲ್ಲ. ಆದರೆ ಈ ಪ್ಯಾಡುಗಳ ವಿಷಯ ಹಾಗಲ್ಲ. ಅದೇ ಮಾರಾಟಗಾರನಿಂದ ಅದೇ ಪ್ಯಾಡು ಕೊಂಡ ಪ್ರತಿಯೊಬ್ಬರ ಹೆಸರು, ಮನೆ ನಂಬರು, ಮೊಬೈಲು, ತಾರೀಖು ಆ ಕಂಪನಿಯ ಕಂಪ್ಯೂಟರಿನಲ್ಲಿದೆ. ರೇಟಿಂಗ್ ಕೊಟ್ಟವರೇ ಆರುನೂರು, ಕೊಂಡವರು ಇನ್ನೂ ಹೆಚ್ಚು ಇರಬೇಕು. ಅವರಲ್ಲಿ ಎಷ್ಟೋ ಜನ ಇವತ್ತು ಯಾವುದೋ ಘಾಟು ಇಳಿಯುತ್ತಿರಬಹುದು. ಒಂದು ಸಂದೇಶ ಕಳಿಸಲು ಎಷ್ಟು ಖರ್ಚು? ನಾನು ಫೋನಿನಲ್ಲಿ ಕೇಳಿದೆ, ಪತ್ರದಲ್ಲಿ ಕೇಳಿದೆ, ದೂರು ಸ್ವೀಕರಿಸುವ ಅಧಿಕಾರಿಗೆ ಮೂರು ಮೇಲ್ ಹಾಕಿದೆ. ನಿಮ್ಮ ಸಮಸ್ಯೆಗೆ ರಿಫಂಡ್ ನೀಡಲು ಒಪ್ಪಿದ್ದೇವೆ, ನೀವು ನಿರಾಕರಿಸಿದ್ದೀರಿ, ಆದ್ದರಿಂದ ದೂರು ಮುಗಿಸಲಾಗಿದೆ ಅಂತ ಉತ್ತರ. ನನ್ನ ಸಮಸ್ಯೆ!

ಆಗದ ಕೆಲಸವೇನೂ ಅಲ್ಲ. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರಿನಲ್ಲಿ ದೋಷ ಇರಬಹುದು ಅಂತ 17,362 ಕಾರುಗಳನ್ನು ವಾಪಸ್ ಕರೆಯಿತು. ಇದೆ ಅಂತ ಅಲ್ಲ, ಇರಬಹುದು ಅಂತ. ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಕಂಪನಿಗಳ ಮೇಲೆ ಆದೇಶ ಹೊರಡಿಸಿದ್ದು ನೆನಪಿದೆಯೇ? ಸೀಟ್ ಬೆಲ್ಟ್ ಹಾಕದಿದ್ದರೂ ಕಾರು ಕೂಗದಂತೆ ಬಾಯಿ ಮುಚ್ಚಿಸುವ ಕ್ಲಿಪ್ಪುಗಳನ್ನು ಮಾರುತ್ತಿದ್ದುದಕ್ಕೆ. 13,118 ಪಟ್ಟಿಗಳು ಕಿತ್ತು ಹೋದವು. 2022ರ ಸೆಪ್ಟೆಂಬರಿನಲ್ಲಿ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಹತ್ತಿರ ತೀರಿಕೊಂಡ ಮೇಲೆ ಹಿಂದಿನ ಸೀಟಿನ ಬೆಲ್ಟಿನ ಮಾತು ದೇಶವೆಲ್ಲ ನಡೆದಿತ್ತಲ್ಲ. ಅಂದರೆ ಮನಸ್ಸು ಮಾಡಿದರೆ ಹುಡುಕಲೂ ಬರುತ್ತದೆ, ಕಿತ್ತು ಹಾಕಲೂ ಬರುತ್ತದೆ. ಅಪಾಯಕಾರಿ ಸರಕನ್ನು ಮಾರಿದವರಿಂದಲೇ ವಾಪಸ್ ಕರೆಸುವ ಅಧಿಕಾರ ಅದೇ ಪ್ರಾಧಿಕಾರಕ್ಕೆ 2019ರ ಕಾಯ್ದೆಯ 20ನೇ ಕಲಮಿನಲ್ಲಿದೆ. ಅದಕ್ಕೂ ಬರೆದಿದ್ದೇನೆ. ನಿಮಗೂ ಇಂಥದ್ದು ಆಗಿದ್ದರೆ ರಿಫಂಡ್ ಬಂತು ಅಂತ ಸುಮ್ಮನಾಗಬೇಡಿ. ಗ್ರಾಹಕ ಸಹಾಯವಾಣಿಯ ನಂಬರು 1915. ದೂರಿನಲ್ಲಿ ಹಣ ಕೊಡಿಸಿ ಅಂತಷ್ಟೇ ಬರೆಯಬೇಡಿ, ಈ ಮಾಲು ಕೊಂಡ ಉಳಿದವರಿಗೆ ತಿಳಿಸಿ ಅಂತಲೂ ಒಂದು ಸಾಲು ಸೇರಿಸಿ.

ಆ ಪ್ಯಾಡುಗಳು ಇನ್ನೂ ನನ್ನ ಕಪಾಟಿನಲ್ಲಿವೆ, ಗಾಡಿಯ ಕಾಗದಪತ್ರದ ಪಕ್ಕದಲ್ಲಿ. ಪ್ಲೇಟಿನ ಮೇಲೆ ಮಾರ್ಕರಿನಲ್ಲಿ ಖೋಟಾ ಅಂತ ಬರೆದು, ತಾರೀಖು ಹಾಕಿ ಸಹಿ ಮಾಡಿದ್ದೇನೆ. ಹಳೆಯ ಅಭ್ಯಾಸ. ಈ ಸಲ ಊರಿಗೆ ಹೊರಡುವ ಮೊದಲು ಚಾಚಾ ಕೈಗೆ ದುಡ್ಡು ಕೊಟ್ಟು ಅವರೇ ತಂದ ಫಿಲ್ಟರ್ ಹಾಕಿಸಿದೆ. ಡಬ್ಬಿಯನ್ನು ನಾನೇ ಹರಿದೆ. ಮನೆಗೆ ಬಂದು ಮೊಬೈಲ್ ನೋಡಿದರೆ ಆ ಕಂಪನಿಯಿಂದ ಒಂದು ಸಂದೇಶ ಬಂದಿತ್ತು. ಬಿಚ್ಚಿ ಓದಿದೆ. ನೀವು ಹಿಂದೆ ಕೊಂಡ ಬ್ರೇಕ್ ಪ್ಯಾಡ್ ಬದಲಿಸುವ ಸಮಯ ಬಂದಿರಬಹುದು, ಮತ್ತೆ ಕೊಳ್ಳಲು ಇಲ್ಲಿ ಒತ್ತಿ.